ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ

ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆಯು ಮನಶ್ಚಿಕಿತ್ಸೆಯ ಒಂದು ಪದ್ಧತಿ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಸಿ. ಹೇಯ್ಸ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಿಂದ ಇದನ್ನು ರೂಪಿಸುತ್ತ ಬಂದರು. ನೋವು, ಭಯ, ದುಃಖ, ಅವಮಾನ ಮುಂತಾದ ಅನುಭವಗಳನ್ನು ಮನಸ್ಸಿನಿಂದ ಹೊರಗಟ್ಟಲು ಹೋರಾಡುವ ಬದಲು ಅವುಗಳಿಗೆ ಎಡೆಮಾಡಿಕೊಡುವುದು, ವರ್ತಮಾನದ ಕ್ಷಣದ ಮೇಲೆ ಎಚ್ಚರದಿಂದ ಗಮನವಿರಿಸುವುದು ಮತ್ತು ತನಗೆ ಮುಖ್ಯವೆನಿಸಿದ ಮೌಲ್ಯಗಳಿಗೆ ತಕ್ಕಂತೆ ಕಾರ್ಯಪ್ರವೃತ್ತನಾಗುವುದು ಇದರ ಮೂರು ಮುಖ್ಯ ಅಂಶಗಳು. ದುಃಖವನ್ನು ಇಲ್ಲವಾಗಿಸುವುದು ಈ ಚಿಕಿತ್ಸೆಯ ನೇರ ಗುರಿಯಲ್ಲ. ದುಃಖವಿದ್ದಾಗಲೂ ಅರ್ಥಪೂರ್ಣವಾಗಿ ಬದುಕುವ ಸಾಮರ್ಥ್ಯವನ್ನು ಬೆಳೆಸುವುದು ಇದರ ಗುರಿ. ಈ ಸಾಮರ್ಥ್ಯವನ್ನು 'ಮಾನಸಿಕ ನಮ್ಯತೆ' ಎಂದು ಕರೆಯಲಾಗುತ್ತದೆ.

ದೀರ್ಘಕಾಲದ ದೇಹನೋವು, ಖಿನ್ನತೆ, ಆತಂಕ, ಗೀಳು, ವ್ಯಸನ ಮೊದಲಾದ ಸಮಸ್ಯೆಗಳಲ್ಲಿ ಈ ಪದ್ಧತಿಯನ್ನು ಬಳಸಲಾಗುತ್ತಿದೆ. ಯುದ್ಧ ಮತ್ತು ವಲಸೆಯಿಂದ ತತ್ತರಿಸಿದ ಸಮುದಾಯಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ ಸ್ವಸಹಾಯ ಕಾರ್ಯಕ್ರಮವೂ ಇದನ್ನೇ ಆಧರಿಸಿದೆ.

ಹೆಸರು ಮತ್ತು ಪರಿಭಾಷೆ

ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಈ ಪದ್ಧತಿಯನ್ನು 'ಆಕ್ಟ್' ಎಂದು ಕರೆಯುತ್ತಾರೆ. ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳದೆ ಒಂದೇ ಪದವಾಗಿ ಉಚ್ಚರಿಸುವುದು ರೂಢಿ. 'ಕ್ರಿಯೆಗಿಳಿ' ಎಂಬ ಅರ್ಥವೂ ಅದರಲ್ಲಿ ಹೊಮ್ಮಬೇಕೆಂಬುದು ಇದರ ಉದ್ದೇಶ.

ಈ ಚಿಕಿತ್ಸೆಯ ಒಂದು ಅಂಗವಾದ 'ಮೈಂಡ್‌ಫುಲ್‌ನೆಸ್' ಎಂಬುದಕ್ಕೆ ಕನ್ನಡದಲ್ಲಿ ಸಾವಧಾನತೆ, ಎಚ್ಚರದ ಅರಿವು ಎಂಬ ಪದಗಳು ಬಳಕೆಯಲ್ಲಿವೆ. ಬೌದ್ಧ ಗ್ರಂಥಗಳಲ್ಲಿ ಬರುವ ಪಾಲಿ ಭಾಷೆಯ 'ಸತಿ' ಎಂಬ ಪದ ಇದರ ಮೂಲ. ಸಂಸ್ಕೃತದಲ್ಲಿ ಇದರ ಸಮಾನರೂಪ 'ಸ್ಮೃತಿ'. ಪಾಲಿ ವಿದ್ವಾಂಸ ಟಿ. ಡಬ್ಲ್ಯು. ರೀಸ್ ಡೇವಿಡ್ಸ್ ಅವರು 1881ರಲ್ಲಿ ಪ್ರಕಟವಾದ ತಮ್ಮ ಅನುವಾದದಲ್ಲಿ ಸತಿ ಎಂಬುದಕ್ಕೆ ಈ ಇಂಗ್ಲಿಷ್ ಪದವನ್ನು ಬಳಸಿದರು. ಈಗಿನ ಮನಶ್ಶಾಸ್ತ್ರದಲ್ಲಿ ಸಾವಧಾನತೆಯೆಂದರೆ ಸದ್ಯದಲ್ಲಿ ನಡೆಯುತ್ತಿರುವುದನ್ನು ಒಳ್ಳೆಯದು ಕೆಟ್ಟದ್ದು ಎಂದು ತೀರ್ಪು ನೀಡದೆ, ಉದ್ದೇಶಪೂರ್ವಕವಾಗಿ ಗಮನಿಸುವುದು. ಉಸಿರಾಟ, ನಡಿಗೆ, ಊಟ, ಪಾತ್ರೆ ತೊಳೆಯುವಂತಹ ಮನೆಗೆಲಸ ಯಾವುದಾದರೂ ಈ ಗಮನದ ವಸ್ತುವಾಗಬಹುದು.

ಇತಿಹಾಸ

ಮನಶ್ಚಿಕಿತ್ಸೆಯ ವರ್ತನಾವಾದಿ ಪರಂಪರೆಯನ್ನು ಹೇಯ್ಸ್ ಮೂರು ಅಲೆಗಳಾಗಿ ವಿಂಗಡಿಸುತ್ತಾರೆ. 20ನೆಯ ಶತಮಾನದ ಮಧ್ಯಭಾಗದಲ್ಲಿ ಪ್ರಬಲವಾಗಿದ್ದ ಮೊದಲ ಅಲೆಯು ಹೊರಗೆ ಕಾಣುವ ವರ್ತನೆಯನ್ನು ಬದಲಿಸಲು ಒತ್ತು ನೀಡಿತು. ಆ್ಯರನ್ ಬೆಕ್ ಮತ್ತು ಆಲ್ಬರ್ಟ್ ಎಲಿಸ್ ಅವರ ಕೃತಿಗಳಿಂದ ಬೆಳೆದ ಎರಡನೆಯ ಅಲೆಯು ತಪ್ಪು ಆಲೋಚನೆಗಳನ್ನು ಗುರುತಿಸಿ ತಿದ್ದುವ ಮಾರ್ಗವನ್ನು ಹಿಡಿಯಿತು. ಇದು ಅರಿವಿನ ವರ್ತನಾ ಚಿಕಿತ್ಸೆಯೆಂದು ಪ್ರಸಿದ್ಧವಾಯಿತು. ಆಲೋಚನೆಯಲ್ಲಿ ಇರುವುದೇನು ಎಂಬುದಕ್ಕಿಂತ ಆ ಆಲೋಚನೆಯೊಂದಿಗೆ ವ್ಯಕ್ತಿ ಇಟ್ಟುಕೊಂಡಿರುವ ಸಂಬಂಧವೇ ಮುಖ್ಯವೆಂಬುದು ಮೂರನೆಯ ಅಲೆಯ ನಿಲುವು.

ಈ ಮೂರನೆಯ ಗುಂಪಿಗೆ ಸೇರುವ ಅಥವಾ ಅದಕ್ಕೆ ಹತ್ತಿರವಿರುವ ಇತರ ಪದ್ಧತಿಗಳೂ ಇವೆ. ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ, ಔಷಧಗಳಿಂದ ಪೂರ್ಣ ಪರಿಹಾರ ದೊರೆಯದ ರೋಗಿಗಳಿಗಾಗಿ ಸಾವಧಾನತೆಯ ತರಬೇತಿಯನ್ನು ಆರಂಭಿಸಿದರು. 8 ವಾರಗಳ ಈ ತರಬೇತಿ ಇಂದು ಅನೇಕ ದೇಶಗಳಲ್ಲಿ ನಡೆಯುತ್ತಿದೆ. ಮಾರ್ಷಾ ಲಿನೆಹಾನ್ ಅವರ ದ್ವಂದ್ವಾತ್ಮಕ ವರ್ತನಾ ಚಿಕಿತ್ಸೆ ಹಾಗೂ ಖಿನ್ನತೆಯ ಮರುಕಳಿಕೆಯನ್ನು ತಡೆಯಲು ಸೀಗಲ್, ವಿಲಿಯಮ್ಸ್ ಮತ್ತು ಟೀಸ್‌ಡೇಲ್ ಅವರು ರೂಪಿಸಿದ ಸಾವಧಾನತಾಧಾರಿತ ಅರಿವಿನ ಚಿಕಿತ್ಸೆ ಇದೇ ಕಾಲದವು.

ಹೇಯ್ಸ್ ಅವರ ಕೆಲಸಕ್ಕೆ ಅವರ ಸ್ವಂತ ಅನುಭವವೇ ಪ್ರೇರಣೆಯಾಯಿತು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಗ್ರೀನ್ಸ್‌ಬರೊ ಶಾಖೆಯಲ್ಲಿ ಯುವ ಅಧ್ಯಾಪಕರಾಗಿದ್ದಾಗ, 1978ರಲ್ಲಿ ವಿಭಾಗದ ಸಭೆಯೊಂದರಲ್ಲಿ ಅವರಿಗೆ ತೀವ್ರ ಭೀತಿಯ ಆಘಾತ ಉಂಟಾಯಿತು. ಮಾತನಾಡಬೇಕಾಗಿ ಬಂದಾಗ ಧ್ವನಿಯೇ ಹೊರಡಲಿಲ್ಲ. ಅದು ಮತ್ತೆ ಬಾರದಂತೆ ತಡೆಯಲು ಅವರು ಮಾಡಿದ ಪ್ರಯತ್ನಗಳೇ ಭೀತಿಯನ್ನು ಹೆಚ್ಚಿಸುತ್ತ ಹೋದವು. ತರಗತಿ, ಪ್ರಯಾಣ, ದೂರವಾಣಿ ಕರೆಗಳೆಲ್ಲ ಕಷ್ಟವಾದವು. ಭೀತಿಯಿಂದ ಓಡುವುದನ್ನು ನಿಲ್ಲಿಸಿದ ಮೇಲೆಯೇ ತಮಗೆ ದಾರಿ ತೋರಿತೆಂದು ಅವರು ಅನಂತರ ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. 1986ರಲ್ಲಿ ಅವರು ರೀನೊ ನಗರದಲ್ಲಿರುವ ನೆವಾಡಾ ವಿಶ್ವವಿದ್ಯಾಲಯವನ್ನು ಸೇರಿದರು. ಅದೇ ವರ್ಷ ರಾಬರ್ಟ್ ಜೆಟ್ಲ್ ಅವರೊಂದಿಗೆ ಖಿನ್ನತೆಯ ಕುರಿತ ಮೊದಲ ತುಲನಾತ್ಮಕ ಪರೀಕ್ಷೆಯನ್ನು ಪ್ರಕಟಿಸಿದರು. ಆಗ ಈ ಪದ್ಧತಿಗೆ 'ಸಮಗ್ರ ದೂರೀಕರಣ' ಎಂಬ ಅರ್ಥದ ಹೆಸರಿತ್ತು. ಕರ್ಕ್ ಸ್ಟ್ರೋಸಾಲ್ ಮತ್ತು ಕೆಲ್ಲಿ ವಿಲ್ಸನ್ ಅವರೊಂದಿಗೆ ಹೇಯ್ಸ್ ಬರೆದ ಮೊದಲ ಸಮಗ್ರ ಕೈಪಿಡಿ 1999ರಲ್ಲಿ ಹೊರಬಂದಿತು. ಆಸ್ಟ್ರೇಲಿಯದ ವೈದ್ಯ ರಸ್ ಹ್ಯಾರಿಸ್ ಅವರು 2007ರಲ್ಲಿ ಬರೆದ 'ದಿ ಹ್ಯಾಪಿನೆಸ್ ಟ್ರ್ಯಾಪ್' ಎಂಬ ಪುಸ್ತಕವು ಇದನ್ನು ಸಾಮಾನ್ಯ ಓದುಗರಿಗೆ ಪರಿಚಯಿಸಿತು.

ಸೈದ್ಧಾಂತಿಕ ತಳಹದಿ

ಭಾಷೆ ಮತ್ತು ಸಂಕಟ

ಈ ಚಿಕಿತ್ಸೆಯ ಹಿಂದಿರುವುದು 'ಸಂಬಂಧ ಚೌಕಟ್ಟಿನ ಸಿದ್ಧಾಂತ'. ಮನುಷ್ಯನು ವಸ್ತುಗಳನ್ನು ನೇರ ಅನುಭವದಿಂದ ಮಾತ್ರವಲ್ಲದೆ ಭಾಷೆಯ ಮೂಲಕ ಕಲ್ಪಿತವಾದ ಸಂಬಂಧಗಳಿಂದಲೂ ಅರಿಯುತ್ತಾನೆ ಎಂಬುದು ಇದರ ತಿರುಳು. ಕಣಜ ಕಚ್ಚಿಸಿಕೊಂಡ ಮಗುವಿಗೆ 'ಚೇಳು ಕಣಜಕ್ಕಿಂತ ಕೆಟ್ಟದ್ದು' ಎಂದು ಹೇಳಿದರೆ ಸಾಕು, ಚೇಳನ್ನು ಎಂದೂ ಕಾಣದಿದ್ದರೂ ಆ ಮಗು ಅದಕ್ಕೆ ಕಣಜಕ್ಕಿಂತ ಹೆಚ್ಚು ಹೆದರುತ್ತದೆ. ಹುಣಸೆಹಣ್ಣು ಎಂಬ ಪದವನ್ನು ಕೇಳಿದೊಡನೆ ಬಾಯಲ್ಲಿ ನೀರೂರುವುದೂ ಹೀಗೆಯೇ. ಅಲ್ಲಿ ಹಣ್ಣಿಲ್ಲ, ಪದವಿದೆ. ಆದರೂ ದೇಹವು ಹಣ್ಣಿಗೆ ಪ್ರತಿಕ್ರಿಯಿಸಿದಂತೆ ಪದಕ್ಕೆ ಪ್ರತಿಕ್ರಿಯಿಸುತ್ತದೆ.

ಈ ಶಕ್ತಿಯಿಂದಲೇ ಮನುಷ್ಯನು ಮುಂದಿನ ಮಳೆಗಾಲಕ್ಕೆ ಬೀಜ ಕೂಡಿಡುತ್ತಾನೆ, ಕಾಣದ ಅಪಾಯವನ್ನು ಊಹಿಸಿ ತಪ್ಪಿಸಿಕೊಳ್ಳುತ್ತಾನೆ. ಇದೇ ಶಕ್ತಿಯಿಂದ ಹತ್ತು ವರ್ಷಗಳ ಹಿಂದಿನ ಅವಮಾನವು ಇಂದು ನಡೆದಂತೆ ಸುಡುತ್ತದೆ, ಇನ್ನೂ ಬಾರದ ಸೋಲು ಈಗಲೇ ನಿದ್ದೆಗೆಡಿಸುತ್ತದೆ. ಆದ್ದರಿಂದ ಸಂಕಟವು ರೋಗಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ, ಭಾಷೆಯುಳ್ಳ ಮನಸ್ಸಿನ ಸಹಜ ಉತ್ಪನ್ನವೂ ಹೌದು ಎಂಬುದು ಈ ಪಂಥದ ವಾದ.

ಅನುಭವ ವಿಮುಖತೆ

ಅಹಿತಕರವಾದ ಆಲೋಚನೆ, ಭಾವನೆ, ನೆನಪು ಮತ್ತು ದೇಹಸಂವೇದನೆಗಳಿಂದ ತಪ್ಪಿಸಿಕೊಳ್ಳಲು ಅಥವಾ ಅವುಗಳನ್ನು ಅದುಮಿಡಲು ಮಾಡುವ ಪ್ರಯತ್ನವನ್ನು 'ಅನುಭವ ವಿಮುಖತೆ' ಎನ್ನಲಾಗುತ್ತದೆ. ಹೊರಜಗತ್ತಿನ ಸಮಸ್ಯೆಗಳಿಗೆ 'ಬೇಡವಾದದ್ದನ್ನು ತೆಗೆದುಹಾಕು' ಎಂಬ ಸೂತ್ರ ಸರಿಹೊಂದುತ್ತದೆ. ಸೋರುವ ಮಾಡಿಗೆ ಹೆಂಚು ಬದಲಿಸಬಹುದು. ಆದರೆ ಒಳಜಗತ್ತಿನಲ್ಲಿ ಈ ಸೂತ್ರವು ಅನೇಕ ವೇಳೆ ತಿರುಗಿ ಬೀಳುತ್ತದೆ.

ಇದಕ್ಕೆ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಉದಾಹರಿಸಲಾಗುತ್ತದೆ. ಬಿಳಿ ಕರಡಿಯ ಬಗ್ಗೆ ಯೋಚಿಸಬಾರದೆಂದು ಸೂಚಿಸಲಾದ ವಿದ್ಯಾರ್ಥಿಗಳಿಗೆ ಆ ಯೋಚನೆಯನ್ನು ದೂರವಿಡಲಾಗಲಿಲ್ಲ. ಅನಂತರ ಯೋಚಿಸಲು ಅನುಮತಿ ನೀಡಿದಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟಿದ್ದವರಿಗಿಂತಲೂ ಹೆಚ್ಚು ಸಲ ಅವರಿಗೆ ಕರಡಿಯ ಯೋಚನೆ ಬಂದಿತು. ಯೋಚನೆಯೊಂದು ಬಂದಿದೆಯೇ ಎಂದು ಕಾವಲು ಕಾಯುವ ಮನಸ್ಸು ಆ ಯೋಚನೆಯನ್ನು ನೆನಪಿನಲ್ಲಿ ಇಟ್ಟುಕೊಂಡೇ ಕಾಯಬೇಕಾಗುತ್ತದೆ ಎಂಬುದು ಇದಕ್ಕೆ ನೀಡುವ ವಿವರಣೆ.

ವಿಮುಖತೆಗೆ ತಕ್ಷಣದ ಫಲವುಂಟು. ಆತಂಕವಾಗುವುದೆಂದು ಸಂದರ್ಶನಕ್ಕೆ ಹೋಗದೆ ಉಳಿದವನಿಗೆ ಆ ಬೆಳಗ್ಗೆ ನಿರಾಳವೆನಿಸುತ್ತದೆ. ಈ ನಿರಾಳವೇ ಮುಂದಿನ ಸಲವೂ ತಪ್ಪಿಸಿಕೊಳ್ಳಲು ಪ್ರೇರೇಪಿಸುತ್ತದೆ. ಕಾಲಕ್ರಮದಲ್ಲಿ ಬದುಕಿನ ಆವರಣವೇ ಕಿರಿದಾಗುತ್ತದೆ. ಹೀಗಾಗಿ ಈ ಚಿಕಿತ್ಸೆಯು ನೋವನ್ನು ಎರಡಾಗಿ ನೋಡುತ್ತದೆ: ನಷ್ಟ, ಕಾಯಿಲೆ, ವಿಯೋಗಗಳಿಂದ ಸಹಜವಾಗಿ ಉಂಟಾಗುವುದು ಒಂದು, ಅದರ ವಿರುದ್ಧ ಹೋರಾಡುವುದರಿಂದ ಮೇಲೆ ಸೇರಿಕೊಳ್ಳುವುದು ಇನ್ನೊಂದು. ಮೊದಲನೆಯದು ಅನಿವಾರ್ಯವಾದರೂ ಎರಡನೆಯದನ್ನು ಕಡಿಮೆ ಮಾಡಬಹುದು.

ಆರು ಪ್ರಕ್ರಿಯೆಗಳು

ಮಾನಸಿಕ ನಮ್ಯತೆಯನ್ನು ಪರಸ್ಪರ ಹೆಣೆದುಕೊಂಡ ಆರು ಪ್ರಕ್ರಿಯೆಗಳ ಮೂಲಕ ವಿವರಿಸಲಾಗುತ್ತದೆ. ಇವುಗಳನ್ನು ಷಟ್ಕೋನಾಕೃತಿಯ ಚಿತ್ರದಲ್ಲಿ ತೋರಿಸುವುದು ರೂಢಿ.

ಸ್ವೀಕಾರ: ಬಂದ ಭಾವನೆಗೆ, ಅದು ಇರುವಷ್ಟು ಹೊತ್ತು, ಒಳಗೆ ಜಾಗ ನೀಡುವುದು. ಎದೆಯ ಬಿಗಿತ, ಹೊಟ್ಟೆಯ ಸಂಕಟ ಮೊದಲಾದ ಸಂವೇದನೆಗಳು ದೇಹದ ಯಾವ ಭಾಗದಲ್ಲಿವೆ, ಎಷ್ಟು ದೊಡ್ಡವು, ಹೇಗೆ ಬದಲಾಗುತ್ತಿವೆ ಎಂಬುದನ್ನು ಕುತೂಹಲದಿಂದ ಗಮನಿಸುವುದು ಇದರ ಒಂದು ಅಭ್ಯಾಸ. ಹುದುಲಿನಲ್ಲಿ ಸಿಕ್ಕಿಕೊಂಡವನು ಕಾಲು ಝಾಡಿಸಿದಷ್ಟೂ ಆಳಕ್ಕಿಳಿಯುತ್ತಾನೆ, ಮೈ ಚಾಚಿ ಮಲಗಿದರೆ ತೇಲುತ್ತಾನೆ ಎಂಬ ಹೋಲಿಕೆಯನ್ನು ಚಿಕಿತ್ಸಕರು ಬಳಸುತ್ತಾರೆ.

ಆಲೋಚನೆಯಿಂದ ಬಿಡಿಸಿಕೊಳ್ಳುವಿಕೆ: ಆಲೋಚನೆಯನ್ನು ಸತ್ಯವೆಂದೋ ಆಜ್ಞೆಯೆಂದೋ ತಿಳಿಯದೆ, ಮನಸ್ಸಿನಲ್ಲಿ ಹಾದುಹೋಗುವ ಪದಗಳ ಸಾಲೆಂದು ಕಾಣುವುದು. 'ನಾನು ಯಾವುದಕ್ಕೂ ಪ್ರಯೋಜನವಿಲ್ಲ' ಎಂಬುದನ್ನು 'ನಾನು ಯಾವುದಕ್ಕೂ ಪ್ರಯೋಜನವಿಲ್ಲ ಎಂಬ ಆಲೋಚನೆ ನನಗೆ ಬರುತ್ತಿದೆ' ಎಂದು ಹೇಳಿಕೊಳ್ಳುವುದು ಸರಳವಾದ ಅಭ್ಯಾಸ. ಆಲೋಚನೆ ನಿಜವೇ ಸುಳ್ಳೇ ಎಂಬ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ. ಒಂದೇ ಪದವನ್ನು ವೇಗವಾಗಿ, ಗಟ್ಟಿಯಾಗಿ ಸುಮಾರು ಅರ್ಧ ನಿಮಿಷ ಉಚ್ಚರಿಸುವುದು ಇನ್ನೊಂದು ಅಭ್ಯಾಸ. ಹೀಗೆ ಮಾಡಿದಾಗ ಪದದ ಅರ್ಥ ಕಳಚಿ ಬರಿಯ ಸದ್ದು ಉಳಿಯುತ್ತದೆ. 20ನೆಯ ಶತಮಾನದ ಆರಂಭದಲ್ಲೇ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಿಚ್ನರ್ ಇದನ್ನು ಗುರುತಿಸಿದ್ದರು.

ವರ್ತಮಾನದ ಸಂಪರ್ಕ: ಹಿಂದಿನದರ ಮೆಲುಕಿನಿಂದ ಮತ್ತು ಮುಂದಿನದರ ಚಿಂತೆಯಿಂದ ಗಮನವನ್ನು ಈ ಕ್ಷಣಕ್ಕೆ ತರುವುದು. ಪಾದಗಳು ನೆಲಕ್ಕೆ ತಾಗಿರುವುದನ್ನು ಅನುಭವಿಸುವುದು, ಸುತ್ತಲಿನ ಐದು ವಸ್ತುಗಳನ್ನು ಕಣ್ಣಿನಿಂದ ಗುರುತಿಸುವುದು, ದೂರದ ಸದ್ದುಗಳಿಗೆ ಕಿವಿಗೊಡುವುದು ಇದರ ಅಭ್ಯಾಸಗಳು. ಹರಿಯುವ ಹೊಳೆಯ ಮೇಲೆ ತೇಲುವ ಎಲೆಗಳನ್ನು ಕಲ್ಪಿಸಿಕೊಂಡು, ಬಂದ ಆಲೋಚನೆಯನ್ನು ಒಂದೊಂದು ಎಲೆಯ ಮೇಲಿಟ್ಟು ಹೋಗಗೊಡುವ ಅಭ್ಯಾಸವೂ ಪ್ರಸಿದ್ಧವಾಗಿದೆ. ಗಮನ ಚದುರುವುದು ಸೋಲಲ್ಲ. ಚದುರಿದ್ದನ್ನು ಅರಿತು ಮರಳಿ ತರುವುದೇ ಅಭ್ಯಾಸ.

ಗಮನಿಸುವ 'ನಾನು': 'ನಾನು ದಡ್ಡ', 'ನಾನು ರೋಗಿ' ಎಂಬ ವರ್ಣನೆಗಳಿಂದ ಬೇರೆಯಾಗಿ, ಅವೆಲ್ಲವನ್ನೂ ಗಮನಿಸುತ್ತಿರುವ ನೆಲೆಯೊಂದಿದೆ ಎಂಬ ಅರಿವು. ಇದಕ್ಕೆ ಚದುರಂಗದ ಹೋಲಿಕೆ ನೀಡಲಾಗುತ್ತದೆ. ಒಳ್ಳೆಯ ಮತ್ತು ಕೆಟ್ಟ ಆಲೋಚನೆಗಳು ಎದುರುಬದುರು ನಿಂತ ಕಾಯಿಗಳಾದರೆ, ವ್ಯಕ್ತಿಯು ಯಾವ ಪಕ್ಷದ ಕಾಯಿಯೂ ಅಲ್ಲ. ಎಲ್ಲ ಕಾಯಿಗಳನ್ನೂ ಹೊತ್ತ ಹಾಸು.

ಮೌಲ್ಯಗಳು: ತನ್ನ ಬದುಕು ಯಾವುದರ ಪರವಾಗಿ ನಿಲ್ಲಬೇಕು ಎಂಬುದರ ಸ್ಪಷ್ಟತೆ. ಮೌಲ್ಯವು ಗುರಿಯಿಂದ ಭಿನ್ನ. ಪಶ್ಚಿಮಕ್ಕೆ ನಡೆಯುವವನು ಒಂದೊಂದು ಊರನ್ನು ತಲುಪಿ ದಾಟಬಹುದು, ಆದರೆ ಪಶ್ಚಿಮವನ್ನು ತಲುಪಿ ಮುಗಿಸಲಾರ. ಹಾಗೆಯೇ ಪದವಿ ಪಡೆಯುವುದು ಗುರಿ, ಕಲಿಯುತ್ತಿರುವುದು ಮೌಲ್ಯ. ಮದುವೆಯಾಗುವುದು ಗುರಿ, ಪ್ರೀತಿಯಿಂದ ನಡೆದುಕೊಳ್ಳುವುದು ಮೌಲ್ಯ. ಮನೆಯವರ ಅಥವಾ ಸಮಾಜದ ನಿರೀಕ್ಷೆಯನ್ನು ತನ್ನ ಮೌಲ್ಯವೆಂದು ತಪ್ಪಾಗಿ ತಿಳಿದಿರುವುದುಂಟು. ಇವೆರಡನ್ನೂ ಬೇರ್ಪಡಿಸಿ ನೋಡಲು ಚಿಕಿತ್ಸಕರು ನೆರವಾಗುತ್ತಾರೆ.

ಬದ್ಧ ಕ್ರಿಯೆ: ಮೌಲ್ಯಗಳ ದಿಕ್ಕಿನಲ್ಲಿ ಸಣ್ಣದಾದರೂ ನಿಶ್ಚಿತವಾದ ಹೆಜ್ಜೆಗಳನ್ನಿಡುವುದು, ತಪ್ಪಿದಾಗ ಮತ್ತೆ ಆರಂಭಿಸುವುದು. ಭಯ ಹೋದ ಮೇಲೆ ಮಾಡುವೆನೆಂದು ಕಾಯದೆ ಭಯದೊಡನೆಯೇ ಮಾಡುವುದು ಇದರ ಲಕ್ಷಣ. ಇದನ್ನು ಬಸ್ಸಿನ ಹೋಲಿಕೆಯಿಂದ ವಿವರಿಸುತ್ತಾರೆ. ಬಸ್ಸಿನಲ್ಲಿ ಕೆಲವು ಪ್ರಯಾಣಿಕರು ಚಾಲಕನನ್ನು ಬೈಯುತ್ತ, ಬೇರೆ ದಾರಿ ಹಿಡಿಯೆಂದು ಬೆದರಿಸುತ್ತಾರೆ. ಅವರನ್ನು ಇಳಿಸಲು ಬಸ್ಸು ನಿಲ್ಲಿಸಿ ಜಗಳಕ್ಕೆ ನಿಂತರೆ ಪ್ರಯಾಣವೇ ನಿಲ್ಲುತ್ತದೆ, ಅವರು ಹೇಳಿದಂತೆ ಕೇಳಿದರೆ ಬಸ್ಸು ಊರು ಸೇರುವುದಿಲ್ಲ. ಗದ್ದಲದ ನಡುವೆಯೇ ಚಾಲಕನು ತನ್ನ ಮಾರ್ಗದಲ್ಲಿ ಬಸ್ಸನ್ನು ನಡೆಸಬಹುದು.

ಚಿಕಿತ್ಸೆಯ ಕ್ರಮ

ಚಿಕಿತ್ಸೆಯನ್ನು ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಅಥವಾ ಗುಂಪಿನಲ್ಲಿ ನೀಡಬಹುದು. ಮೊದಲ ಹಂತದಲ್ಲಿ ವ್ಯಕ್ತಿಯು ಸಂಕಟದಿಂದ ಪಾರಾಗಲು ಈವರೆಗೆ ಏನೇನು ಮಾಡಿದ್ದಾನೆ, ಅದರಿಂದ ಅಲ್ಪಕಾಲದಲ್ಲಿ ಮತ್ತು ದೀರ್ಘಕಾಲದಲ್ಲಿ ಏನಾಯಿತು, ಅದಕ್ಕಾಗಿ ಏನನ್ನು ತೆರಬೇಕಾಯಿತು ಎಂಬ ಲೆಕ್ಕವನ್ನು ತೆಗೆಯಲಾಗುತ್ತದೆ. ಪ್ರಯತ್ನಗಳು ಫಲಿಸದಿದ್ದುದಕ್ಕೆ ವ್ಯಕ್ತಿಯ ದೌರ್ಬಲ್ಯ ಕಾರಣವಲ್ಲ, ಆ ದಾರಿಯೇ ಅಲ್ಲಿಗೆ ಹೋಗುವುದಿಲ್ಲ ಎಂಬ ತಿಳಿವಳಿಕೆ ಮೂಡಿದಾಗ ಹೊಸ ದಾರಿಯ ಹುಡುಕಾಟ ಸಾಧ್ಯವಾಗುತ್ತದೆ.

ಒಂದು ಕಲ್ಪಿತ ನಿದರ್ಶನದಿಂದ ಇದನ್ನು ತಿಳಿಯಬಹುದು. ವರ್ಷಗಳಿಂದ ಬೆನ್ನುನೋವಿರುವ ಗೃಹಿಣಿಯೊಬ್ಬರು ನೋವು ಹೆಚ್ಚೀತೆಂಬ ಭಯದಿಂದ ಮೊದಲು ಮದುವೆ ಮುಂಜಿಗಳಿಗೆ ಹೋಗುವುದನ್ನು, ಅನಂತರ ಭಜನಾ ಮಂಡಳಿಯನ್ನು, ಕೊನೆಗೆ ಅಂಗಳದ ಹೂಗಿಡಗಳ ಆರೈಕೆಯನ್ನೂ ಬಿಟ್ಟಿದ್ದಾರೆ. ಇಷ್ಟಾದರೂ ನೋವು ಹೋಗಿಲ್ಲ; ಅದರ ಜೊತೆಗೆ ಒಂಟಿತನವೂ ಬೇಸರವೂ ಸೇರಿಕೊಂಡಿವೆ. ನೋವಿನ ಕಾರಣವನ್ನು ವೈದ್ಯರು ಪರೀಕ್ಷಿಸಿ, ಚಲನೆಯಿಂದ ಅಪಾಯವಿಲ್ಲವೆಂದು ಖಚಿತಪಡಿಸಿದ ಮೇಲೆ ಚಿಕಿತ್ಸಕರು 'ನೋವು ಎಷ್ಟಿದೆ' ಎಂಬುದರ ಜೊತೆಗೆ 'ನೋವು ನಿಮ್ಮಿಂದ ಏನನ್ನು ಕಸಿದುಕೊಂಡಿದೆ' ಎಂದೂ ಕೇಳುತ್ತಾರೆ. ನೆಂಟರಿಷ್ಟರ ಒಡನಾಟ ಅವರಿಗೆ ಮುಖ್ಯವೆಂದು ತಿಳಿದಾಗ, ವಾರಕ್ಕೊಮ್ಮೆ ಅರ್ಧ ಗಂಟೆ ಭಜನೆಗೆ ಹೋಗಿ ಕುಳಿತು ಬರುವುದು ಮೊದಲ ಹೆಜ್ಜೆಯಾಗುತ್ತದೆ. ಅಲ್ಲಿ 'ಇನ್ನು ತಡೆಯಲಾರೆ' ಎಂಬ ಆಲೋಚನೆ ಬಂದಾಗ ಅದನ್ನು ಆಲೋಚನೆಯೆಂದು ಗುರುತಿಸುವುದು, ಬೆನ್ನಿನ ಬಿಗಿತದ ಸುತ್ತ ಉಸಿರಾಡುವುದು, ಬೇಕೆನಿಸಿದರೆ ಎದ್ದು ನಾಲ್ಕು ಹೆಜ್ಜೆ ನಡೆದು ಮತ್ತೆ ಬಂದು ಕೂರುವುದು ಇವೆಲ್ಲ ಅಭ್ಯಾಸದ ಭಾಗಗಳು. ಕೆಲವು ತಿಂಗಳ ಬಳಿಕ ನೋವಿನ ಪ್ರಮಾಣ ಅಷ್ಟೇ ಇರಬಹುದು, ಆದರೆ ಬದುಕು ಮೊದಲಿನಷ್ಟು ಕಿರಿದಾಗಿರುವುದಿಲ್ಲ. ಈ ಚಿಕಿತ್ಸೆಯು ಯಶಸ್ಸನ್ನು ಅಳೆಯುವುದು ಈ ಮಾನದಂಡದಿಂದ.

ಸ್ವೀಕಾರದ ಕುರಿತ ತಪ್ಪು ತಿಳಿವಳಿಕೆಗಳು

ಸ್ವೀಕಾರವೆಂಬ ಪದವು ದಿನಬಳಕೆಯಲ್ಲಿ ಒಪ್ಪಿಗೆ, ಶರಣಾಗತಿ, 'ಹಣೆಬರಹ' ಎಂದು ಸುಮ್ಮನಿರುವುದು ಎಂಬ ಅರ್ಥಗಳನ್ನೂ ಸೂಚಿಸುವುದರಿಂದ ಗೊಂದಲಕ್ಕೆ ಎಡೆಯಾಗುತ್ತದೆ. ಈ ಚಿಕಿತ್ಸೆಯಲ್ಲಿ ಸ್ವೀಕರಿಸಬೇಕಾದದ್ದು ಒಳಗಿನ ಅನುಭವವನ್ನು, ಹೊರಗಿನ ಅನ್ಯಾಯವನ್ನಲ್ಲ. ಮನೆಯಲ್ಲಿ ಹಿಂಸೆ ಅನುಭವಿಸುತ್ತಿರುವವರು ಹಿಂಸೆಯನ್ನು ಸಹಿಸಿಕೊಂಡಿರಬೇಕೆಂದು ಇದು ಹೇಳುವುದಿಲ್ಲ. ಮನೆ ಬಿಟ್ಟು ಹೊರಡಲು, ದೂರು ನೀಡಲು, ನೆರವು ಕೇಳಲು ಹೊರಟಾಗ ಉಂಟಾಗುವ ಭಯ, ನಾಚಿಕೆ, ತಪ್ಪಿತಸ್ಥ ಭಾವಗಳಿಗೆ ಎಡೆಮಾಡಿಕೊಟ್ಟು ಹೆಜ್ಜೆಯಿಡುವುದೇ ಅಲ್ಲಿ ಸ್ವೀಕಾರ. ಬದಲಿಸಲು ಸಾಧ್ಯವಿರುವ ಪರಿಸ್ಥಿತಿಯನ್ನು ಬದಲಿಸುವುದು 'ಬದ್ಧ ಕ್ರಿಯೆ'ಯ ಭಾಗ.

ನೋವನ್ನು ಇಷ್ಟಪಡಬೇಕು ಎಂಬುದೂ ಸ್ವೀಕಾರವಲ್ಲ. 'ಒಪ್ಪಿಕೊಂಡರೆ ಬೇಗ ಹೋದೀತು' ಎಂಬ ಲೆಕ್ಕಾಚಾರದಿಂದ ಮಾಡುವ ಸ್ವೀಕಾರವು ವೇಷ ಬದಲಿಸಿದ ಹೋರಾಟವೇ ಸರಿ. ಹಾಗೆಯೇ ಸಾವಧಾನತೆಯು ಮನಸ್ಸನ್ನು ಖಾಲಿ ಮಾಡುವ ಅಥವಾ ಶಾಂತಗೊಳಿಸುವ ತಂತ್ರವಲ್ಲ. ಅಭ್ಯಾಸದಿಂದ ಶಾಂತಿ ದೊರೆತರೆ ಅದು ಜೊತೆಗೆ ಬಂದ ಫಲ.

ಅನ್ವಯ ಮತ್ತು ಸಂಶೋಧನೆ

ದೀರ್ಘಕಾಲದ ನೋವಿನಲ್ಲಿ ಈ ಚಿಕಿತ್ಸೆಗೆ ಹೆಚ್ಚಿನ ಮನ್ನಣೆ ದೊರೆತಿದೆ. ಇಂಗ್ಲೆಂಡಿನಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಯು, ಸ್ಪಷ್ಟ ದೈಹಿಕ ಕಾರಣ ಕಂಡುಬರದ ದೀರ್ಘಕಾಲದ ನೋವಿಗೆ ಈ ಚಿಕಿತ್ಸೆಯನ್ನು ಅಥವಾ ಅರಿವಿನ ವರ್ತನಾ ಚಿಕಿತ್ಸೆಯನ್ನು ಪರಿಗಣಿಸಬಹುದೆಂದು 2021ರಲ್ಲಿ ಸೂಚಿಸಿತು.

2002ರಲ್ಲಿ ಪೆಟ್ರೀಷಿಯಾ ಬಾಕ್ ಮತ್ತು ಹೇಯ್ಸ್ ಅವರು ಭ್ರಮೆ ಹಾಗೂ ಇಲ್ಲದ ಧ್ವನಿಗಳನ್ನು ಕೇಳುವ ತೊಂದರೆಯಿಂದ ಆಸ್ಪತ್ರೆಗೆ ದಾಖಲಾಗಿದ್ದ 80 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಎಂದಿನ ಚಿಕಿತ್ಸೆಯ ಜೊತೆಗೆ ಕೇವಲ ನಾಲ್ಕು ಬೈಠಕ್‌ಗಳಲ್ಲಿ ಈ ಪದ್ಧತಿಯನ್ನು ಪರಿಚಯಿಸಿಕೊಂಡವರಲ್ಲಿ, ಮುಂದಿನ ನಾಲ್ಕು ತಿಂಗಳಲ್ಲಿ ಮತ್ತೆ ದಾಖಲಾದವರ ಪ್ರಮಾಣ ಇತರರಿಗಿಂತ ಅರ್ಧದಷ್ಟಿತ್ತು. ಲಕ್ಷಣಗಳಿವೆಯೆಂದು ಒಪ್ಪಿಕೊಂಡವರು ಈ ಗುಂಪಿನಲ್ಲೇ ಹೆಚ್ಚಾಗಿದ್ದರು, ಆದರೆ ಅವರು ಆ ಲಕ್ಷಣಗಳನ್ನು ನಿಜವೆಂದು ನಂಬುವುದು ಕಡಿಮೆಯಾಗಿತ್ತು.

ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ 'ಸೆಲ್ಫ್-ಹೆಲ್ಪ್ ಪ್ಲಸ್' ಕಾರ್ಯಕ್ರಮವು ಮುದ್ರಿತ ಧ್ವನಿ ಪಾಠ ಮತ್ತು ಚಿತ್ರಪುಸ್ತಕಗಳ ಮೂಲಕ ಐದು ಬೈಠಕ್‌ಗಳಲ್ಲಿ ದೊಡ್ಡ ಗುಂಪುಗಳಿಗೆ ತರಬೇತಿ ನೀಡುತ್ತದೆ. ಮನಶ್ಶಾಸ್ತ್ರದ ಪದವಿ ಇಲ್ಲದವರೂ ಅಲ್ಪ ತರಬೇತಿ ಪಡೆದು ಇದನ್ನು ನಡೆಸಬಹುದು. ಉಗಾಂಡಾದ ಶಿಬಿರದಲ್ಲಿದ್ದ ದಕ್ಷಿಣ ಸುಡಾನಿನ 694 ನಿರಾಶ್ರಿತ ಮಹಿಳೆಯರ ನಡುವೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದವರ ಮಾನಸಿಕ ಸಂಕಟವು ಮೂರು ತಿಂಗಳ ಬಳಿಕ ಹೆಚ್ಚು ಇಳಿದಿತ್ತು. ವ್ಯತ್ಯಾಸವು ಸಾಧಾರಣ ಪ್ರಮಾಣದ್ದಾಗಿತ್ತು. ಟರ್ಕಿಯಲ್ಲಿದ್ದ 642 ಸಿರಿಯಾ ನಿರಾಶ್ರಿತರ ಅಧ್ಯಯನದಲ್ಲಿ ತರಬೇತಿ ಮುಗಿದ ಕೂಡಲೇ ವ್ಯತ್ಯಾಸ ಕಾಣಲಿಲ್ಲ. ಆದರೆ ಆರು ತಿಂಗಳ ಬಳಿಕ ಮಾನಸಿಕ ಕಾಯಿಲೆ ಇದ್ದವರ ಪ್ರಮಾಣವು ತರಬೇತಿ ಪಡೆದವರಲ್ಲಿ ಸುಮಾರು ಶೇ. 22, ಪಡೆಯದವರಲ್ಲಿ ಸುಮಾರು ಶೇ. 41 ಇತ್ತು. ಇದೇ ಕಾರ್ಯಕ್ರಮದ ಚಿತ್ರಪುಸ್ತಕವನ್ನು ಸಂಸ್ಥೆಯು 2020ರಲ್ಲಿ ಎಲ್ಲರ ಬಳಕೆಗೆ ಉಚಿತವಾಗಿ ಪ್ರಕಟಿಸಿತು. ನೆಲೆಯೂರುವುದು, ಆಲೋಚನೆಯ ಕೊಕ್ಕೆಯಿಂದ ಬಿಡಿಸಿಕೊಳ್ಳುವುದು, ಮೌಲ್ಯಗಳಂತೆ ನಡೆಯುವುದು, ತನ್ನ ಮತ್ತು ಇತರರ ಬಗ್ಗೆ ದಯೆ ತೋರುವುದು, ಎಡೆಮಾಡಿಕೊಡುವುದು ಎಂಬ ಐದು ಅಭ್ಯಾಸಗಳು ಅದರಲ್ಲಿವೆ.

ಟೀಕೆ ಮತ್ತು ಮಿತಿಗಳು

ಈ ಚಿಕಿತ್ಸೆಯು ನಿಜಕ್ಕೂ ಹೊಸದೇ ಎಂಬ ಪ್ರಶ್ನೆ ಆರಂಭದಿಂದಲೂ ಇದೆ. ಸ್ಟೆಫಾನ್ ಹಾಫ್‌ಮನ್ ಮತ್ತು ಗಾರ್ಡನ್ ಆಸ್ಮಂಡ್‌ಸನ್ ಅವರು 2008ರಲ್ಲಿ, ಇದಕ್ಕೂ ಅರಿವಿನ ವರ್ತನಾ ಚಿಕಿತ್ಸೆಗೂ ಇರುವ ಅಂತರ ಹೇಳಿಕೊಳ್ಳುವಷ್ಟು ದೊಡ್ಡದಲ್ಲವೆಂದು ವಾದಿಸಿದರು. ಸ್ವೀಡನ್ನಿನ ಲಾರ್ಸ್-ಗೋರಾನ್ ಓಸ್ಟ್ ಅವರು 2014ರಲ್ಲಿ 60 ಪರೀಕ್ಷೆಗಳನ್ನು ವಿಮರ್ಶಿಸಿ, ಅವುಗಳ ವಿಧಾನದಲ್ಲಿ ಲೋಪಗಳಿವೆಯೆಂದೂ ಯಾವ ಕಾಯಿಲೆಗೂ ಇದನ್ನು ಪೂರ್ಣವಾಗಿ ಸ್ಥಾಪಿತವಾದ ಚಿಕಿತ್ಸೆಯೆಂದು ಹೇಳಲಾಗದೆಂದೂ ಅಭಿಪ್ರಾಯಪಟ್ಟರು. ಅವರ ವಿಮರ್ಶೆಯಲ್ಲೇ ತಪ್ಪುಗಳಿವೆಯೆಂದು ಈ ಪಂಥದ ಸಂಶೋಧಕರು ಉತ್ತರಿಸಿದರು. 2015ರಲ್ಲಿ ಪ್ರಕಟವಾದ, 39 ಪರೀಕ್ಷೆಗಳ ಇನ್ನೊಂದು ವಿಶ್ಲೇಷಣೆಯು ಈ ಚಿಕಿತ್ಸೆಯು ಎಂದಿನ ಆರೈಕೆಗಿಂತ ಉತ್ತಮವೆಂದು ಕಂಡುಕೊಂಡಿತು. ಆದರೆ ಈಗಾಗಲೇ ಸ್ಥಾಪಿತವಾದ ಚಿಕಿತ್ಸೆಗಳಿಗಿಂತ ಇದು ಮೇಲೆಂಬುದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ಮಾನಸಿಕ ನಮ್ಯತೆಯನ್ನು ಅಳೆಯಲು ಬಳಸುವ ಪ್ರಶ್ನಾವಳಿಯು ಸಾಮಾನ್ಯ ಸಂಕಟವನ್ನೇ ಅಳೆಯುತ್ತಿದೆಯೆಂಬ ಆಕ್ಷೇಪವೂ ಇದೆ.

ಸಾವಧಾನತೆಯನ್ನು ಎಲ್ಲರಿಗೂ ಎಲ್ಲ ಸಂದರ್ಭಕ್ಕೂ ಹೊಂದುವ ಔಷಧವೆಂದು ಬಿಂಬಿಸುವುದೂ ಟೀಕೆಗೆ ಗುರಿಯಾಗಿದೆ. ಬ್ರಿಟನ್ನಿನ 80ಕ್ಕೂ ಹೆಚ್ಚು ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಗತಿಯಲ್ಲಿ ಎಲ್ಲರಿಗೂ ನೀಡಿದ ಸಾವಧಾನತೆಯ ಪಾಠವು ಎಂದಿನ ಬೋಧನೆಗಿಂತ ಹೆಚ್ಚಿನ ಪ್ರಯೋಜನ ನೀಡಲಿಲ್ಲ. ಹಿಂದೆ ಆಘಾತಕ್ಕೊಳಗಾದ ಕೆಲವರಲ್ಲಿ, ಕಣ್ಣುಮುಚ್ಚಿ ದೀರ್ಘಕಾಲ ಒಳಗನ್ನು ಗಮನಿಸುವುದು ಕಹಿ ನೆನಪುಗಳನ್ನು ಕೆರಳಿಸಬಹುದು. ಅಂಥವರು ನುರಿತ ಚಿಕಿತ್ಸಕರ ಮಾರ್ಗದರ್ಶನದಲ್ಲಿ, ಕಣ್ತೆರೆದು, ಅಲ್ಪ ಅವಧಿಯ ಅಭ್ಯಾಸದಿಂದ ಆರಂಭಿಸುವುದು ಸುರಕ್ಷಿತ. ತೀವ್ರ ಖಿನ್ನತೆ, ಆತ್ಮಹತ್ಯೆಯ ಆಲೋಚನೆ, ಚಿತ್ತವಿಕಲತೆಗಳಲ್ಲಿ ಪುಸ್ತಕ ನೋಡಿ ಮಾಡುವ ಅಭ್ಯಾಸವು ವೈದ್ಯಕೀಯ ನೆರವಿಗೆ ಬದಲಿಯಾಗುವುದಿಲ್ಲ. ವೈದ್ಯರು ನೀಡಿದ ಔಷಧಗಳನ್ನು ತಾನಾಗಿಯೇ ನಿಲ್ಲಿಸಬಾರದು.

ಸಾಲ, ನಿರುದ್ಯೋಗ, ಜಾತಿ ತಾರತಮ್ಯ, ಅತಿಯಾದ ಕೆಲಸದಂತಹ ಸಾಮಾಜಿಕ ಕಾರಣಗಳಿಂದ ಹುಟ್ಟಿದ ಸಂಕಟವನ್ನು ವ್ಯಕ್ತಿಯ ಮನಸ್ಸಿನ ಸಮಸ್ಯೆಯಾಗಿ ಮಾತ್ರ ಕಾಣುವ ಅಪಾಯವನ್ನೂ ವಿಮರ್ಶಕರು ಎತ್ತಿ ತೋರಿಸಿದ್ದಾರೆ. ಕೆಲಸದ ಹೊರೆಯನ್ನು ಇಳಿಸದೆ ನೌಕರರಿಗೆ ಧ್ಯಾನದ ಶಿಬಿರ ಏರ್ಪಡಿಸುವುದು ಇದಕ್ಕೊಂದು ಉದಾಹರಣೆ.

ಭಾರತೀಯ ಚಿಂತನೆಯೊಂದಿಗೆ ಹೋಲಿಕೆ

ಸಂಯುತ್ತ ನಿಕಾಯದಲ್ಲಿ ಬುದ್ಧನು ಹೇಳುವ ಎರಡು ಬಾಣಗಳ ದೃಷ್ಟಾಂತವಿದೆ. ದೇಹಕ್ಕೆ ತಗುಲಿದ ನೋವು ಮೊದಲ ಬಾಣವಾದರೆ, ಅದಕ್ಕಾಗಿ ಪರಿತಪಿಸುವ ಮನಸ್ಸು ತನಗೆ ತಾನೇ ಚುಚ್ಚಿಕೊಳ್ಳುವುದು ಎರಡನೆಯ ಬಾಣ. ಸಹಜ ನೋವು ಮತ್ತು ಸೇರಿಕೊಂಡ ನೋವು ಎಂಬ ವಿಂಗಡಣೆಯು ಇದಕ್ಕೆ ಬಹಳ ಹತ್ತಿರವಾಗಿದೆ. ಗಮನಿಸುವ 'ನಾನು' ಎಂಬ ಕಲ್ಪನೆಯು ವೇದಾಂತದ 'ಸಾಕ್ಷಿ'ಯನ್ನೂ, ಫಲದ ಹಂಗಿಲ್ಲದ ಬದ್ಧ ಕ್ರಿಯೆಯು ಭಗವದ್ಗೀತೆಯ ಕರ್ಮಯೋಗವನ್ನೂ ನೆನಪಿಸುತ್ತವೆ.

ಆದರೆ ವ್ಯತ್ಯಾಸಗಳೂ ಗಮನಾರ್ಹ. ಆತ್ಮ, ಪುನರ್ಜನ್ಮ, ಮೋಕ್ಷ ಅಥವಾ ನಿರ್ವಾಣಗಳ ಕುರಿತು ಈ ಚಿಕಿತ್ಸೆಯು ಏನನ್ನೂ ಪ್ರತಿಪಾದಿಸುವುದಿಲ್ಲ. ಇಲ್ಲಿ 'ಸಾಕ್ಷಿ' ಎಂಬುದು ಪರಮಸತ್ಯವಲ್ಲ, ವರ್ತನೆಯನ್ನು ಸುಗಮಗೊಳಿಸುವ ಒಂದು ದೃಷ್ಟಿಕೋನ. ಮೌಲ್ಯಗಳನ್ನು ಶಾಸ್ತ್ರವು ವಿಧಿಸುವುದಿಲ್ಲ, ವ್ಯಕ್ತಿಯೇ ಆರಿಸಿಕೊಳ್ಳುತ್ತಾನೆ. ಯಾವ ಧರ್ಮವನ್ನು ಪಾಲಿಸುವವರೂ, ಯಾವ ಧರ್ಮವನ್ನೂ ಪಾಲಿಸದವರೂ ಇದನ್ನು ಬಳಸಬಹುದು.

ಭಾರತ ಮತ್ತು ಕರ್ನಾಟಕದಲ್ಲಿ ನೆರವು

ಮಾನಸಿಕ ಆರೋಗ್ಯ ಸೇವೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಭಾರತದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017 ಹೇಳುತ್ತದೆ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಈ ಕ್ಷೇತ್ರದಲ್ಲಿ ಚಿಕಿತ್ಸೆ, ಬೋಧನೆ ಮತ್ತು ಸಂಶೋಧನೆಗಳ ಪ್ರಮುಖ ಕೇಂದ್ರ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಟೆಲಿ ಮಾನಸ್ ಸಹಾಯವಾಣಿಯನ್ನು ಆರಂಭಿಸಿತು. ಇದರ ಮಾರ್ಗದರ್ಶಕ ಸಂಸ್ಥೆ ನಿಮ್ಹಾನ್ಸ್. 14416 ಸಂಖ್ಯೆಗೆ ಕರೆ ಮಾಡಿ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲಕ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ದೊರೆಯುತ್ತದೆ. ಸಂಕಟದಲ್ಲಿರುವವರಿಗೆ ನೆರವು ಕೇಳಲು ಆಗುವ ಸಂಕೋಚವೇ ದೊಡ್ಡ ಅಡ್ಡಿಯಾಗಿರುವುದುಂಟು. ಸಂಕೋಚ ಹೋಗುವವರೆಗೆ ಕಾಯದೆ, ಸಂಕೋಚದೊಡನೆಯೇ ಕರೆ ಮಾಡುವುದು ಈ ಚಿಕಿತ್ಸೆಯ ಅರ್ಥದಲ್ಲಿ ಸ್ವೀಕಾರವೂ ಹೌದು, ಬದ್ಧ ಕ್ರಿಯೆಯೂ ಹೌದು.

ಇವನ್ನೂ ನೋಡಿ

ಮನಶ್ಶಾಸ್ತ್ರ
ಅರಿವಿನ ವರ್ತನಾ ಚಿಕಿತ್ಸೆ
ಖಿನ್ನತೆ
ಧ್ಯಾನ
ವಿಪಸ್ಸನ
ನಿಮ್ಹಾನ್ಸ್